ವಿಶ್ವಕೋಶವೂ ಪ್ರಶಸ್ತಿಯೂ: ಎಂಜಿನಿಯರಿಂಗ್ ಲೇಖನಗಳನ್ನು ಕುರಿತು ಒಂದು ವಿಚಾರ

ಪ್ರಶಸ್ತಿಭಾಗವನ್ನೂ ವಿಷಯಭಾಗವನ್ನೂ ಬೇರ್ಪಡಿಸುವುದು ಶಾಸನಾಧ್ಯಯನದ ಮೊದಲ ಪಾಠ. ಅರಸನು ಸಕಲ ಶತ್ರುಗಳನ್ನೂ ಜಯಿಸಿದನೆಂದು ಕವಿ ಹೊಗಳಿದ ಮಾತ್ರಕ್ಕೆ ನಾವು ಅದನ್ನು ಚರಿತ್ರೆಯೆಂದು ಬರೆಯುವುದಿಲ್ಲ. ದಾನದ ಭೂಮಿ, ಎಲ್ಲೆ, ತಿಥಿಗಳನ್ನು ಮಾತ್ರ ಪರಿಶೀಲಿಸಿ ಸ್ವೀಕರಿಸುತ್ತೇವೆ. ವಿಶ್ವಕೋಶದ ಲೇಖನಗಳಿಗೂ, ಅದರಲ್ಲಿಯೂ ಎಂಜಿನಿಯರಿಂಗ್ ಕಾರ್ಯಗಳನ್ನೂ ತಂತ್ರಾಂಶಗಳನ್ನೂ ಕುರಿತ ಲೇಖನಗಳಿಗೂ, ಇದೇ ವಿವೇಕ ಅವಶ್ಯವೆಂದು ತೋರಿಸುವುದು ಈ ಲೇಖನದ ಉದ್ದೇಶ.

ಭಾರತೀನಗರವಿರುವ ಮದ್ದೂರು ತಾಲ್ಲೂಕಿನಲ್ಲೇ ಇದಕ್ಕೆ ಒಂದು ನಿದರ್ಶನ ಸಿಕ್ಕಿದೆ. ಹತ್ತನೆಯ ಶತಮಾನದ ಆತಕೂರು ಶಾಸನವು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಕೀರ್ತಿಯನ್ನು ಗಂಗ ಬೂತುಗನಿಗೆ ಕೊಡುತ್ತದೆ. ಚೋಳರ ಲೈಡನ್ ತಾಮ್ರಪಟವಾದರೋ, ರಾಜಾದಿತ್ಯನು ಆನೆಯ ಮೇಲೆ ಕುಳಿತು ಹೋರಾಡುತ್ತ ವೀರಸ್ವರ್ಗವನ್ನು ಪಡೆದನೆಂದು ಕೊಂಡಾಡುತ್ತದೆ. ಚರಿತ್ರಕಾರನು ಎರಡನ್ನೂ ದಾಖಲಿಸಿ, ಯಾವ ಮಾತು ಯಾರದೆಂಬುದನ್ನು ಸ್ಪಷ್ಟಪಡಿಸುತ್ತಾನೆ. ನಿಷ್ಪಕ್ಷಪಾತವೆಂದರೆ ಇಷ್ಟೇ.

ಇನ್ನು ಆಧುನಿಕ ಕಾಲಕ್ಕೆ ಬರೋಣ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಜಲವಿದ್ಯುದಾಗಾರವು 1902ರ ಜೂನ್ 30ರಂದು ಕೆಲಸ ಆರಂಭಿಸಿತು. ಇದನ್ನು 'ಏಷ್ಯದಲ್ಲೇ ಮೊಟ್ಟಮೊದಲನೆಯದು' ಎಂದು ಬರೆಯುವ ವಾಡಿಕೆ ನಮ್ಮಲ್ಲಿ ಬೇರೂರಿದೆ. ಆದರೆ ಜಪಾನಿನ ಕ್ಯೋಟೋ ನಗರದ ಕೇಆಗೆ ವಿದ್ಯುದಾಗಾರವು 1891ರಲ್ಲಿಯೇ ನಡೆಯುತ್ತಿತ್ತು. ಡಾರ್ಜಿಲಿಂಗಿನ ಸಿದ್ರಪಾಂಗ್ ಆಗಾರವು 1897ರಲ್ಲಿ ಪ್ರಾರಂಭವಾಗಿತ್ತು. ಹೀಗಿರಲು ಏಷ್ಯದಲ್ಲಿರಲಿ, ಭಾರತದಲ್ಲಿಯೂ ಶಿವನಸಮುದ್ರವು ಮೊದಲನೆಯದಲ್ಲ. ಕೋಲಾರದ ಚಿನ್ನದ ಗಣಿಗಳವರೆಗೆ ಎಳೆದ ಸುಮಾರು 92 ಮೈಲಿಗಳ ತಂತಿಮಾರ್ಗವು ಜಗತ್ತಿನಲ್ಲೇ ಅತ್ಯಂತ ಉದ್ದವಾದುದೆಂಬ ಮಾತೂ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯದಲ್ಲಿ 1901ರಲ್ಲಿಯೇ ಸುಮಾರು 140 ಮೈಲಿಗಳ ಮಾರ್ಗವೊಂದು ಸಿದ್ಧವಾಗಿತ್ತು. ಆ ಕಾಲದ ಅತಿ ದೀರ್ಘ ಮಾರ್ಗಗಳಲ್ಲಿ ಇದೂ ಒಂದೆಂದರೆ ಮಾತು ಸತ್ಯವಾಗುತ್ತದೆ.

ಇದರಿಂದ ಶಿವನಸಮುದ್ರದ ಮಹಿಮೆ ಕುಂದಿತೆಂದು ಯಾರೂ ಭಾವಿಸಬೇಕಾಗಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿ, ಎಂಜಿನಿಯರ್ ಜೋಲಿ ದ ಲೊಟ್ಬಿನಿಯೆರ್ ಅವರ ಯೋಜನೆ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಮತ್ತು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪೆನಿಯ ಯಂತ್ರಗಳು, ಇವೆಲ್ಲ ಕೂಡಿ ಒಂದು ದೇಶೀಯ ಸಂಸ್ಥಾನದಲ್ಲಿ ಈ ಸಾಹಸ ನೆರವೇರಿತು. 'ಮೊಟ್ಟಮೊದಲು' ಎಂಬ ವಿಶೇಷಣವನ್ನು ಕಿತ್ತೊಡನೆಯೇ ಮುಖ್ಯವಾದೊಂದು ಪ್ರಶ್ನೆ ಎದುರಾಗುತ್ತದೆ: ಈ ವಿದ್ಯುತ್ತು ಯಾರಿಗಾಗಿ? ಅದರ ಮೊದಲ ಗ್ರಾಹಕರು ಬ್ರಿಟಿಷ್ ಕಂಪೆನಿಗಳ ಗಣಿಗಳು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು 1905ರಲ್ಲಿ. ಕಾವೇರಿಯ ನೀರು ಧುಮುಕುವ ಸೀಮೆಯ ಹಳ್ಳಿಗಳನ್ನು ಬಿಟ್ಟು ತಂತಿಯು ದೂರದ ಗಣಿಗಳಿಗೆ ಏಕೆ ಹೋಯಿತೆಂದು ವಿದ್ಯಾರ್ಥಿ ಕೇಳಬೇಕಾದರೆ, ಲೇಖನವು ಪ್ರಶಸ್ತಿಯಾಗಿರಬಾರದು. ಹೊಗಳಿಕೆಯ ದೊಡ್ಡ ದೋಷವು ಸುಳ್ಳು ಹೇಳುವುದಲ್ಲ, ಪ್ರಶ್ನೆಯನ್ನು ಮುಚ್ಚಿಬಿಡುವುದು.

ಈ ನ್ಯಾಯ ಇಂದಿನ ಎಂಜಿನಿಯರಿಂಗ್ ತಂತ್ರಾಂಶಗಳಿಗೂ ಸಲ್ಲುತ್ತದೆ. ನಕ್ಷೆ ರಚಿಸುವ ಆಟೋಕ್ಯಾಡ್ ತಂತ್ರಾಂಶವು 1982ರಲ್ಲಿ ಹೊರಬಂದಿತು. ಗಣಕದ ತೆರೆಯ ಮೇಲೆ ನಕ್ಷೆ ಬರೆಯುವ ವಿಧಾನವನ್ನು ಇವಾನ್ ಸದರ್ಲೆಂಡ್ ಅವರು ಸ್ಕೆಚ್‌ಪ್ಯಾಡ್ ಮೂಲಕ 1963ರಲ್ಲಿಯೇ ತೋರಿಸಿದ್ದರು. ಆದುದರಿಂದ ಆಟೋಕ್ಯಾಡಿನ ಹಿರಿಮೆಯನ್ನು ಆದ್ಯತ್ವದಲ್ಲಿ ಹುಡುಕದೆ, ಸಾಮಾನ್ಯ ವೈಯಕ್ತಿಕ ಗಣಕದಲ್ಲಿ ಆ ಕೆಲಸವನ್ನು ಹರಡಿದುದರಲ್ಲಿ ಕಾಣಬೇಕು. 'ಕ್ರಾಂತಿಕಾರಕ', 'ಸರ್ವಶ್ರೇಷ್ಠ' ಎಂಬ ಮಾತುಗಳು ಮಾರಾಟಗಾರನ ಕರಪತ್ರಕ್ಕೆ ಒಪ್ಪುತ್ತವೆ. ಯಾವ ಕೆಲಸಕ್ಕೆ, ಯಾವ ಗಣಿತವಿಧಾನದಿಂದ, ಯಾವ ಮಿತಿಯೊಳಗೆ ಅದು ನಡೆಯುತ್ತದೆ, ಮಾರುವವನನ್ನು ಬಿಟ್ಟು ಬೇರೆಯವರು ಅದನ್ನು ಪರೀಕ್ಷಿಸಿ ಏನು ಹೇಳಿದ್ದಾರೆ ಎಂಬುದನ್ನು ವಿಶ್ವಕೋಶ ತಿಳಿಸಬೇಕು. ದೋಷಗಳನ್ನೇ ಹುಡುಕಿ ಪೇರಿಸುವುದೂ ಪಕ್ಷಪಾತವೇ. ಪ್ರತಿಯೊಂದು ಸಂಗತಿಗೂ ಅದರ ಆಧಾರದಷ್ಟೇ ತೂಕವಿರಬೇಕು.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಂಥ ಗ್ರಂಥಗಳಲ್ಲಿ ಲೇಖನವನ್ನು ತಿದ್ದುವ ಭಾರ ಸಂಪಾದಕ ಮಂಡಲಿಯ ಮೇಲಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದು. ಹಣ ಪಡೆದು ಬರೆಯುವವರು ಅದನ್ನು ಬಹಿರಂಗಪಡಿಸಬೇಕೆಂಬ ನಿಯಮವು 2014ರಲ್ಲಿ ವಿಕಿಪೀಡಿಯದ ಬಳಕೆಯ ಷರತ್ತುಗಳಲ್ಲಿ ಸೇರಿತು. ಆದರೆ ಊರ ಮೇಲಣ ಅಭಿಮಾನದಿಂದ ಉಬ್ಬಿಸಿ ಬರೆಯುವುದನ್ನು ಯಾವ ನಿಯಮವೂ ಪೂರ್ಣವಾಗಿ ತಡೆಯಲಾರದು. ಅದಕ್ಕೆ ಬರೆಯುವವನ ಶಿಕ್ಷಣವೇ ಮದ್ದು. ಶಾಸನದಲ್ಲಿ ಪ್ರಶಸ್ತಿಯನ್ನು ಗುರುತಿಸಲು ಕಲಿಸುವ ಅಧ್ಯಾಪಕರು, ತಮ್ಮ ಕಾಲದ ಬರವಣಿಗೆಯಲ್ಲಿಯೂ ಅದನ್ನು ಗುರುತಿಸಲು ವಿದ್ಯಾರ್ಥಿಗಳಿಗೆ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ.