ಓರೆ ಹಲಗೆ ಮತ್ತು ಕಂಚಿನ ಗುಂಡು: ಬೀಳುವ ವಸ್ತುವಿನ ನಿಯಮ ರೂಪುಗೊಂಡ ಬಗೆ

ಬೀಳುವ ವಸ್ತುಗಳ ಪಾಠಕ್ಕೆ ಪೀಸಾದ ವಾಲುಗೋಪುರ ಅಂಟಿಕೊಂಡಿರುವುದು ವಿನ್ಸೆಂಝೊ ವಿವಿಯಾನಿಯ ದೆಸೆಯಿಂದ. ಗೆಲಿಲಿಯೊ ಕಣ್ಣು ಕಳೆದುಕೊಂಡು ಆರ್ಚೆತ್ರಿಯಲ್ಲಿ ಗೃಹಬಂಧನದಲ್ಲಿದ್ದಾಗ, 1639ರಲ್ಲಿ, ಹದಿಹರೆಯದ ಈ ಶಿಷ್ಯ ಬಂದು ಅವನ ಜೊತೆಗೆ ಉಳಿದ. ಗುರು 1642ರಲ್ಲಿ ತೀರಿಕೊಂಡ ಮೇಲೆ ಅವನ ಜೀವನಚರಿತ್ರೆ ಬರೆದ. 1654ರಲ್ಲಿ ಬರೆದ ಆ ಪುಸ್ತಕ ಅಚ್ಚಾದದ್ದು 1717ರಲ್ಲಿ. ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ನೋಡುತ್ತಿರುವಂತೆ ಗೆಲಿಲಿಯೊ ಗೋಪುರದ ಮೇಲಿಂದ ಬೇರೆ ಬೇರೆ ತೂಕದ ವಸ್ತುಗಳನ್ನು ಬೀಳಿಸಿದನೆಂಬ ಕಥೆಯ ಮೂಲ ಅಲ್ಲಿದೆ. ಇಂಥದೊಂದು ಬಹಿರಂಗ ಪ್ರದರ್ಶನ ನಡೆಸಿದೆನೆಂದು ಗೆಲಿಲಿಯೊ ತನ್ನ ಯಾವ ಗ್ರಂಥದಲ್ಲೂ ಹೇಳಿಕೊಂಡಿಲ್ಲ.

ಕಥೆ ನಿಜವೋ ಸುಳ್ಳೋ ಎಂಬ ಜಗಳದಲ್ಲಿ ನನಗೆ ಹೆಚ್ಚಿನ ಆಸಕ್ತಿಯಿಲ್ಲ. ನಿಜವೇ ಆಗಿದ್ದರೂ ಅದರಿಂದ ಹೊಸದೇನೂ ಹೊರಡುತ್ತಿರಲಿಲ್ಲ. ಭಾರದ ವಸ್ತು ಹಗುರದ್ದಕ್ಕಿಂತ ಅಷ್ಟೇ ಪಾಲು ಬೇಗ ಬೀಳುತ್ತದೆಂಬ ಅರಿಸ್ಟಾಟಲನ ಮಾತನ್ನು ಅಲೆಕ್ಸಾಂಡ್ರಿಯದ ಫಿಲೊಪೊನಸ್ 6ನೇ ಶತಮಾನದಲ್ಲೇ ಅಲ್ಲಗಳೆದಿದ್ದ. ತೂಕದಲ್ಲಿ ಭಾರಿ ಅಂತರವಿರುವ ಎರಡು ವಸ್ತುಗಳನ್ನು ಒಂದೇ ಎತ್ತರದಿಂದ ಬಿಟ್ಟರೆ ಅವು ನೆಲ ಮುಟ್ಟುವ ಹೊತ್ತಿನಲ್ಲಿ ತೀರ ಕಡಿಮೆ ವ್ಯತ್ಯಾಸ ಕಾಣುತ್ತದೆಂದು ಅವನು ಬರೆದಿಟ್ಟಿದ್ದಾನೆ. ಡಚ್ ಎಂಜಿನಿಯರ್ ಸೈಮನ್ ಸ್ಟೆವಿನ್ 1586ರಲ್ಲಿ ಪ್ರಕಟಿಸಿದ ವಿವರ ಇನ್ನೂ ಖಚಿತ. ಒಂದು ಇನ್ನೊಂದರ ಹತ್ತು ಪಟ್ಟು ತೂಗುವ ಎರಡು ಸೀಸದ ಗುಂಡುಗಳನ್ನು 30 ಅಡಿ ಎತ್ತರದಿಂದ ಒಟ್ಟಿಗೆ ಹಲಗೆಯ ಮೇಲೆ ಬಿಟ್ಟಾಗ ಕೇಳಿಸಿದ್ದು ಒಂದೇ ಸದ್ದು. ಪೀಸಾದಲ್ಲಿ ಪಾಠ ಹೇಳುತ್ತಿದ್ದ ಕಾಲದ (1589–1592) ತನ್ನ ಅಪ್ರಕಟಿತ ‘ದೆ ಮೋತು’ ಬರಹದಲ್ಲಿ ಗೆಲಿಲಿಯೊ ಇನ್ನೂ ಬೇರೆಯೇ ದಾರಿಯಲ್ಲಿದ್ದ. ಒಂದೇ ಪದಾರ್ಥದ ವಸ್ತುಗಳು ಸಮನಾಗಿ ಬೀಳುತ್ತವೆ, ಸೀಸ ಮತ್ತು ಮರ ಮಾತ್ರ ತಮ್ಮ ತಮ್ಮ ಸಾಂದ್ರತೆಗೆ ತಕ್ಕ ವೇಗದಲ್ಲಿ ಬೀಳುತ್ತವೆ ಎಂಬುದು ಆಗ ಅವನ ನಿಲುವು.

ಅಂದರೆ ‘ಯಾವುದು ಮೊದಲು ಬೀಳುತ್ತದೆ?’ ಎಂಬುದು ಹಳೆಯ ಪ್ರಶ್ನೆ. ಹೊಸ ವಿಜ್ಞಾನ ಹುಟ್ಟಿದ್ದು ಬೇರೊಂದು ಪ್ರಶ್ನೆಯಿಂದ: ಬೀಳುತ್ತ ಬೀಳುತ್ತ ವೇಗ ಹೇಗೆ ಏರುತ್ತದೆ? ಇದಕ್ಕೆ ಉತ್ತರ ಬೇಕಿದ್ದರೆ ತಕ್ಕಡಿ ಸಾಲದು, ಒಂದು ಸೆಕೆಂಡಿಗಿಂತ ಚಿಕ್ಕ ಅವಧಿಗಳನ್ನು ಸಮನಾಗಿ ಕತ್ತರಿಸುವ ಉಪಾಯ ಬೇಕು. ಎರಡು ಸಾವಿರ ವರ್ಷ ಕಾಡಿದ ನಿಜವಾದ ತೊಡಕು ತೂಕದ್ದಲ್ಲ, ಕಾಲದ ಅಳತೆಯದ್ದು ಎಂಬುದು ಈ ಲೇಖನದ ವಾದ.

ಹಿನ್ನೆಲೆಗೆ ಸ್ವಲ್ಪ ಹೋಗೋಣ. ಅರಿಸ್ಟಾಟಲನ ಪ್ರಕಾರ ಚಲಿಸುವುದಕ್ಕೆಲ್ಲ ಚಲಿಸುವಾಗಲೂ ಒಂದು ತಳ್ಳುವ ಕೈ ಬೇಕು. ಕೈಬಿಟ್ಟ ಕಲ್ಲು ಮುಂದಕ್ಕೆ ಹೋಗುವುದೇಕೆ? ಅದರ ಸುತ್ತಲ ಗಾಳಿಯೇ ಅದನ್ನು ಒಯ್ಯುತ್ತದೆ ಎಂಬುದು ಅವನ ಸಮಾಧಾನ. ಫಿಲೊಪೊನಸನಿಗೆ ಇದು ನಗೆಪಾಟಲೆನಿಸಿತು. ಎಸೆಯುವವನು ಕಲ್ಲಿನೊಳಕ್ಕೇ ಒಂದು ಪ್ರೇರಣೆಯನ್ನು ತುಂಬುತ್ತಾನೆಂದು ಅವನು ವಾದಿಸಿದ. 14ನೇ ಶತಮಾನದ ಪ್ಯಾರಿಸ್‌ನಲ್ಲಿ ಝಾನ್ ಬ್ಯೂರಿಡಾನ್ ಅದಕ್ಕೆ ‘ಇಂಪೆಟಸ್’ ಎಂಬ ಹೆಸರು ಕೊಟ್ಟು, ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣಕ್ಕೂ ಅದರ ವೇಗಕ್ಕೂ ಗಂಟು ಹಾಕಿದ. ತಿರುಗುವ ಬೀಸುಕಲ್ಲು ಇದ್ದಲ್ಲೇ ಇರುತ್ತದೆ, ಅದರ ಹಿಂದೆ ಗಾಳಿ ನುಗ್ಗುವುದಕ್ಕೆ ಜಾಗವೇ ಇಲ್ಲ, ಆದರೂ ಕೈ ತೆಗೆದ ಮೇಲೆ ಅದು ಸುತ್ತುತ್ತಲೇ ಇರುತ್ತದಲ್ಲ ಎಂಬ ಅವನ ಆಕ್ಷೇಪಕ್ಕೆ ಅರಿಸ್ಟಾಟಲನ ಕಡೆಯಿಂದ ಉತ್ತರವಿರಲಿಲ್ಲ.

ನಮ್ಮಲ್ಲಿ ವೈಶೇಷಿಕರು ಇದೇ ಬಗೆಯ ಯೋಚನೆಯನ್ನು ಬಹು ಮೊದಲೇ ಮಾಡಿದ್ದರು. ಪ್ರಶಸ್ತಪಾದನ ಭಾಷ್ಯದಲ್ಲಿ ಬಾಣದ ಮೊದಲ ಚಲನೆ ಹೆದೆಯ ನೂಕಿನಿಂದ, ಆಮೇಲಿನದು ಬಾಣದಲ್ಲೇ ನೆಲೆಸಿದ ‘ವೇಗ’ವೆಂಬ ಸಂಸ್ಕಾರದಿಂದ. ಆಸರೆ ತಪ್ಪಿದ ವಸ್ತು ಬೀಳಲು ಕಾರಣ ಅದರ ‘ಗುರುತ್ವ’. ಇದನ್ನು ಹಿಡಿದುಕೊಂಡು ನ್ಯೂಟನ್ನನ ನಿಯಮಗಳೆಲ್ಲ ನಮ್ಮಲ್ಲೇ ಇದ್ದವೆಂದು ಸಾರುವವರಿಗೆ ಒಂದು ಮಾತು ಹೇಳಬೇಕು. ಬ್ಯೂರಿಡಾನನಲ್ಲಾಗಲಿ ಪ್ರಶಸ್ತಪಾದನಲ್ಲಾಗಲಿ ಇರುವುದು ಚಲನೆಯ ಕಾರಣದ ಚರ್ಚೆ. ಇಷ್ಟು ಹೊತ್ತಿಗೆ ಇಷ್ಟು ದೂರ ಎಂಬ ಲೆಕ್ಕ ಎರಡೂ ಕಡೆ ಇಲ್ಲ.

ಲೆಕ್ಕ ಹುಟ್ಟಿದ್ದು ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನಲ್ಲಿ, 1330ರ ದಶಕದ ಆಸುಪಾಸಿನಲ್ಲಿ. ವಿಲಿಯಂ ಹೇಟ್ಸ್‌ಬರಿ ಮೊದಲಾದ ತರ್ಕಶಾಸ್ತ್ರಿಗಳು ಒಂದು ಸೂತ್ರ ಕಂಡುಕೊಂಡರು. ನಿಂತಲ್ಲಿಂದ ಹೊರಟು ಒಂದೇ ಸಮನೆ ವೇಗ ಹೆಚ್ಚಿಸಿಕೊಳ್ಳುವ ವಸ್ತು ಕ್ರಮಿಸುವ ದೂರ, ಅದರ ಕೊನೆಯ ವೇಗದ ಅರ್ಧದಲ್ಲಿ ಅಷ್ಟೇ ಹೊತ್ತು ಒಂದೇ ಸಮನೆ ಸಾಗಿದ ವಸ್ತುವಿನ ದೂರಕ್ಕೆ ಸಮ. ಉದಾಹರಣೆಗೆ, 4 ಸೆಕೆಂಡುಗಳಲ್ಲಿ ವೇಗ ಸೊನ್ನೆಯಿಂದ ಸೆಕೆಂಡಿಗೆ 20 ಮೀಟರಿಗೆ ಏರಿದರೆ ಕ್ರಮಿಸಿದ ದೂರ 40 ಮೀಟರ್. ಫ್ರಾನ್ಸಿನ ನಿಕೋಲ್ ಓರೆಮ್ ಇದನ್ನು ಚಿತ್ರ ಬರೆದು ತೋರಿಸಿದ. ಕಾಲವನ್ನು ಅಡ್ಡಗೆರೆಯಲ್ಲೂ ವೇಗವನ್ನು ನಿಲುಗೆರೆಯಲ್ಲೂ ಇಟ್ಟರೆ ದೊರಕುವ ತ್ರಿಕೋನದ ಕ್ಷೇತ್ರವೇ ದೂರ. ಇಂದು ಹೈಸ್ಕೂಲಿನ ಮಕ್ಕಳು ಬರೆಯುವ ವೇಗ-ಕಾಲ ನಕ್ಷೆಯ ಪೂರ್ವಜ ಇದು. ಸೋಜಿಗವೆಂದರೆ, ನಿಜವಾಗಿ ಬೀಳುವ ಕಲ್ಲಿಗೆ ಇದನ್ನು ಹಚ್ಚಿ ನೋಡುವ ಗೊಡವೆಗೆ ಅವರು ಹೋಗಲಿಲ್ಲ. ಸ್ಪೇನಿನ ದೊಮಿಂಗೊ ದೆ ಸೋತೊ 16ನೇ ಶತಮಾನದ ನಡುವಿನಲ್ಲಿ, ಬೀಳುವ ವಸ್ತು ಇಂಥ ಚಲನೆಗೆ ಉದಾಹರಣೆ ಎಂದು ಬರೆದದ್ದುಂಟು. ಅಲ್ಲಿಗೂ ಅಳತೆ ಬರಲಿಲ್ಲ.

ಬರುವುದು ಸುಲಭವೂ ಇರಲಿಲ್ಲ. ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ ಸುಮಾರು 4.9 ಮೀಟರ್ ಇಳಿಯುತ್ತದೆ, ಎರಡನೆಯದರ ಕೊನೆಗೆ 20 ಮೀಟರಿನ ಹತ್ತಿರ. ಸೆಕೆಂಡಿನ ಮುಳ್ಳೇ ಇಲ್ಲದ ಕಾಲದಲ್ಲಿ, ನಾಡಿ ಹಿಡಿದು ಎಣಿಸಿದರೂ ಎರಡು ಬಡಿತದೊಳಗೆ ಕಲ್ಲು ನೆಲದ ಮೇಲಿರುತ್ತದೆ. ಗೆಲಿಲಿಯೊನ ಜಾಣತನ ಇಲ್ಲಿದೆ. ಗಡಿಯಾರವನ್ನು ಚುರುಕು ಮಾಡಲು ಆಗದಿದ್ದರೆ ಬೀಳುವುದನ್ನೇ ನಿಧಾನ ಮಾಡಬೇಕು. 1592ರಿಂದ 1610ರವರೆಗೆ ಪಡುವಾ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದಾಗ ಅವನು ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸತೊಡಗಿದ. ಹಲಗೆಯನ್ನು ನೆಟ್ಟಗೆ ನಿಲ್ಲಿಸುತ್ತ ಹೋದರೆ ಉರುಳುವುದು ಬೀಳುವುದರ ಕಡೆಗೇ ಸರಿಯುತ್ತದೆ, ಆದ್ದರಿಂದ ಎರಡರ ಕ್ರಮವೂ ಒಂದೇ ಎಂಬುದು ಅವನ ನಂಬಿಕೆ.

ಆ ಪ್ರಯೋಗದ ವರ್ಣನೆ 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ‘ಎರಡು ಹೊಸ ವಿಜ್ಞಾನಗಳು’ ಗ್ರಂಥದ ‘ಮೂರನೇ ದಿನ’ದಲ್ಲಿದೆ. ಹಲಗೆ 12 ಬ್ರಾಚ್ಚಿಯೊ ಉದ್ದ, ಎಂದರೆ ಹೆಚ್ಚುಕಡಿಮೆ 7 ಮೀಟರ್. ಅಗಲ ಅರ್ಧ ಬ್ರಾಚ್ಚಿಯೊ, ದಪ್ಪ ಮೂರು ಬೆರಳು. ಅದರ ಮೇಲೆ ಬೆರಳಿಗಿಂತ ತುಸು ಅಗಲದ ನೇರವಾದ ಕಾಲುವೆ ಕೊರೆದು, ನಯ ಮಾಡಿ, ಉಜ್ಜಿ ಹೊಳಪೇರಿಸಿದ ತೊಗಲನ್ನು ಅಂಟಿಸಲಾಗಿತ್ತು. ಗುಂಡು ಗಟ್ಟಿ ಕಂಚಿನದು, ಚೆನ್ನಾಗಿ ದುಂಡಗೆ ಮಾಡಿದ್ದು. ಹಲಗೆಯ ಒಂದು ತುದಿಯನ್ನು ಒಂದೋ ಎರಡೋ ಬ್ರಾಚ್ಚಿಯೊ ಎತ್ತಿ ಗುಂಡನ್ನು ಬಿಡಬೇಕು. ಕಾಲ ಅಳೆಯಲು ಎತ್ತರದಲ್ಲಿಟ್ಟ ದೊಡ್ಡ ನೀರಿನ ಪಾತ್ರೆ, ಅದರ ತಳಕ್ಕೆ ಬೆಸೆದ ಸಣ್ಣ ನಳಿಕೆ. ಗುಂಡು ಉರುಳುವಷ್ಟು ಹೊತ್ತು ಸುರಿದ ನೀರನ್ನು ಲೋಟದಲ್ಲಿ ಹಿಡಿದು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದರೆ ಆ ತೂಕಗಳ ಅನುಪಾತವೇ ಕಾಲಗಳ ಅನುಪಾತ. ಗಡಿಯಾರವಿಲ್ಲದವನು ಕಾಲವನ್ನು ತಕ್ಕಡಿಗೆ ಹಾಕಿದ! ನೂರು ಸಲ ಮಾಡಿದರೂ ವ್ಯತ್ಯಾಸ ನಾಡಿಬಡಿತದ ಹತ್ತನೇ ಒಂದು ಭಾಗವನ್ನು ಮೀರಲಿಲ್ಲವೆಂದು ಅವನು ಹೇಳುತ್ತಾನೆ.

ಫಲಿತಾಂಶ ಸರಳ. ಮೊದಲ ಅವಧಿಯಲ್ಲಿ ಗುಂಡು 1 ಪಾಲು ದೂರ ಹೋದರೆ ಎರಡನೆಯದರಲ್ಲಿ 3 ಪಾಲು, ಮೂರನೆಯದರಲ್ಲಿ 5, ನಾಲ್ಕನೆಯದರಲ್ಲಿ 7. ಕೂಡಿಸುತ್ತ ಹೋದರೆ 1, 4, 9, 16. ಒಟ್ಟು ದೂರ ಕಾಲದ ವರ್ಗಕ್ಕೆ ಅನುಗುಣ. ಪ್ರತಿ ಅವಧಿಯಲ್ಲೂ ವೇಗಕ್ಕೆ ಸೇರುವ ಹೆಚ್ಚಳ ಒಂದೇ ಆಗಿದ್ದರೆ ಮಾತ್ರ ಈ ಸಂಖ್ಯೆಗಳು ಹೀಗೆ ಬರುತ್ತವೆ. ವೇಗೋತ್ಕರ್ಷ ಎಂದು ನಾವು ಕರೆಯುವುದು ಈ ಹೆಚ್ಚಳವನ್ನೇ. ನಿಯಮ ಸಿಕ್ಕ ಮೇಲೂ ಗೆಲಿಲಿಯೊಗೆ ಅದರ ಬೇರು ಕೂಡಲೇ ಕಾಣಲಿಲ್ಲ. 1604ರ ಅಕ್ಟೋಬರ್ 16ರಂದು ವೆನಿಸ್ಸಿನ ಗೆಳೆಯ ಪಾವೊಲೊ ಸಾರ್ಪಿಗೆ ಬರೆದ ಪತ್ರದಲ್ಲಿ ವರ್ಗದ ನಿಯಮ ಸರಿಯಾಗಿಯೇ ಇದೆ. ಆದರೆ ಅದಕ್ಕೆ ಆಧಾರವಾಗಿ ಅವನು ಕೊಡುವುದು, ವೇಗವು ಬಿದ್ದ ದೂರಕ್ಕೆ ತಕ್ಕಂತೆ ಏರುತ್ತದೆ ಎಂಬ ತಪ್ಪು ತತ್ತ್ವವನ್ನು. ಹಾಗಿದ್ದರೆ ದೂರ ಸೊನ್ನೆಯಿರುವಾಗ ವೇಗವೂ ಸೊನ್ನೆ, ಕಲ್ಲು ಕೈಯಿಂದ ಕದಲುವುದೇ ಇಲ್ಲ. ವೇಗ ಏರುವುದು ದೂರಕ್ಕೆ ತಕ್ಕಂತಲ್ಲ, ಕಾಲಕ್ಕೆ ತಕ್ಕಂತೆ ಎಂಬ ತಿದ್ದುಪಡಿಗೆ ಅವನಿಗೆ ಇನ್ನೂ ಕೆಲವು ವರ್ಷ ಹಿಡಿಯಿತು.

ಈ ಪ್ರಯೋಗಗಳನ್ನು ಗೆಲಿಲಿಯೊ ನಿಜವಾಗಿ ಮಾಡಿದ್ದನೇ? 20ನೇ ಶತಮಾನದ ವಿಜ್ಞಾನ ಇತಿಹಾಸಕಾರರನ್ನು ಇಬ್ಭಾಗಿಸಿದ ಪ್ರಶ್ನೆ ಇದು. 1939ರ ‘ಗೆಲಿಲಿಯೊ ಅಧ್ಯಯನಗಳು’ ಕೃತಿಯ ಕರ್ತೃ ಅಲೆಕ್ಸಾಂಡರ್ ಕೊಯ್ರೆ ಅವರಿಗೆ ಗೆಲಿಲಿಯೊ ಪ್ಲೇಟೋನ ಮರಿ. ಸತ್ಯವನ್ನು ಅವನು ಗಣಿತದಿಂದ ಕಂಡುಕೊಂಡ, ಪ್ರಯೋಗ ಬರಿಯ ಅಲಂಕಾರ. ಮರದ ಕಾಲುವೆ, ಕಂಚಿನ ಗುಂಡು, ನೀರಿನ ಪಾತ್ರೆ ಇಟ್ಟುಕೊಂಡು ನಾಡಿಬಡಿತದ ಹತ್ತನೇ ಭಾಗದ ನಿಖರತೆ ಸಾಧ್ಯವೇ ಇಲ್ಲವೆಂದು ಅವರು ಗೇಲಿ ಮಾಡಿದರು. 1961ರಲ್ಲಿ ಥಾಮಸ್ ಸೆಟಲ್ ಎಂಬ ಸಂಶೋಧಕರು ಗ್ರಂಥಾಲಯದಿಂದ ಎದ್ದು ಹೋಗಿ ಒಂದು ಮರದ ಹಲಗೆ, ಒಂದು ಗುಂಡು, ನಳಿಕೆ ಸಿಕ್ಕಿಸಿದ ಹೂಕುಂಡ ಇಷ್ಟನ್ನು ಜೋಡಿಸಿಕೊಂಡು ಪ್ರಯೋಗವನ್ನೇ ಮಾಡಿದರು. ಗೆಲಿಲಿಯೊ ಹೇಳಿದ ನಿಖರತೆ ಆರಾಮಾಗಿ ಸಿಕ್ಕಿತು. ಇತಿಹಾಸದ ಒಂದು ವಾದವನ್ನು ಹೀಗೆ ಬಡಗಿ ಕೆಲಸ ಮಾಡಿ ಮುಗಿಸಿದ ಉದಾಹರಣೆಗಳು ಹೆಚ್ಚಿಲ್ಲ.

ಆದರೂ, ಮಾಡಬಹುದು ಎಂಬುದು ಬೇರೆ, ಅವನು ಮಾಡಿದ ಎಂಬುದು ಬೇರೆ. ಎರಡನೆಯದಕ್ಕೆ ಸಾಕ್ಷಿ ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯದ ಹಸ್ತಪ್ರತಿಗಳ 72ನೇ ಸಂಪುಟದಲ್ಲಿತ್ತು. ಗೆಲಿಲಿಯೊನ ಸಮಗ್ರ ಕೃತಿಗಳನ್ನು 1890ರಿಂದ 1909ರವರೆಗೆ 20 ಸಂಪುಟಗಳಲ್ಲಿ ಸಂಪಾದಿಸಿದ ಆಂತೋನಿಯೊ ಫಾವಾರೊ, ಬರಿಯ ಅಂಕಿ ಮತ್ತು ಚಿತ್ರಗಳಿದ್ದ ಹಲವು ಹಾಳೆಗಳನ್ನು ಅಚ್ಚಿಗೆ ಕೊಡದೆ ಬಿಟ್ಟಿದ್ದರು. ಅಚ್ಚಾದುದನ್ನೇ ನಂಬಿ ಬರೆದವರಿಗೆ ಪ್ರಯೋಗಶಾಲೆಯೇ ಕಾಣಲಿಲ್ಲ. ಟೊರಾಂಟೊದ ಸ್ಟಿಲ್ಮನ್ ಡ್ರೇಕ್ 1970ರ ದಶಕದ ಮೊದಲಲ್ಲಿ ಮೂಲ ಹಾಳೆಗಳನ್ನು ತಿರುವಿಹಾಕಿದರು.

107ನೇ ಹಾಳೆಯ ಹಿಂಬದಿಯಲ್ಲಿ ಒಂದರ ಕೆಳಗೊಂದು 33, 130, 298, 526, 824, 1192, 1620, 2104 ಎಂಬ ಅಂಕಿಗಳಿವೆ, ಪಕ್ಕದಲ್ಲಿ 1ರಿಂದ 64ರವರೆಗಿನ ವರ್ಗಗಳು. 33ನ್ನು ಆ ವರ್ಗಗಳಿಂದ ಗುಣಿಸಿ ನೋಡಿ: 132, 297, 528, 825, 1188, 1617, 2112. ಲೆಕ್ಕ ಕೂಡಿಸಿ ಬರೆದಿದ್ದರೆ ಈ ಸಣ್ಣ ಸಣ್ಣ ಏರುಪೇರು ಇರುತ್ತಿರಲಿಲ್ಲ. ಇವು ಅಳೆದ ಅಂಕಿಗಳು. ಡ್ರೇಕ್ ಇದನ್ನು ಹಲಗೆಯ ಪ್ರಯೋಗದ ದಾಖಲೆಯೆಂದೇ ಓದಿದರು. ಗೆಲಿಲಿಯೊ ಹಲಗೆಗೆ ಅಡ್ಡವಾಗಿ ವೀಣೆಯ ಮೆಟ್ಟಿಲುಗಳ ಹಾಗೆ ತಂತಿ ಕಟ್ಟಿ, ಗುಂಡು ದಾಟುವ ಸದ್ದು ಹಾಡಿನ ತಾಳಕ್ಕೆ ಕೂಡುವವರೆಗೆ ತಂತಿಗಳನ್ನು ಸರಿಸಿರಬೇಕೆಂದು 1975ರಲ್ಲಿ ಸೂಚಿಸಿದರು. ತಂದೆ ವಿನ್ಸೆಂಝೊ ಗೆಲಿಲಿ ಹೆಸರಾಂತ ಲ್ಯೂಟ್ ವಾದಕ, ತಂತಿಗಳ ಬಿಗಿತವನ್ನೂ ಪರೀಕ್ಷಿಸಿ ನೋಡಿದವನು. ಮಗನ ಕಿವಿಗೆ ತಾಳ ತಪ್ಪಿದರೆ ತಿಳಿಯದೆ ಇರುತ್ತಿತ್ತೇ? ಊಹೆ ಸೊಗಸಾಗಿದೆ, ಆದರೆ ಊಹೆಯೇ. ಬರ್ಲಿನ್ನಿನ ಯೂರ್ಗನ್ ರೆನ್ ಮತ್ತು ಸಂಗಡಿಗರು ಈ ಅಂಕಿಗಳು ಗುಂಡಿನವಲ್ಲ, ತೂಗುಬಿಟ್ಟ ಸರಪಳಿಯ ಬಾಗನ್ನು ಅಳೆದವು ಎಂದು ವಾದಿಸಿದ್ದಾರೆ. ಅಂಥ ಸರಪಳಿ ಪರವಲಯದ ಆಕಾರ ತಾಳುತ್ತದೆಂದು ಗೆಲಿಲಿಯೊ ಭಾವಿಸಿದ್ದ, ಪರವಲಯದಲ್ಲೂ ವರ್ಗಗಳೇ ಬರುತ್ತವೆ. ಈ ಹಾಳೆಯ ಮಟ್ಟಿಗೆ ಡ್ರೇಕ್ ಗೆದ್ದರೆಂದು ನಾನು ಹೇಳಲಾರೆ.

116ನೇ ಹಾಳೆಯ ಹಿಂಬದಿಯ ಮಾತು ಬೇರೆ. ಅಲ್ಲಿರುವುದು ಮೇಜಿನ ಚಿತ್ರ. ಮೇಜಿನ ಎತ್ತರ 828 ‘ಪುಂತಿ’, ಒಂದು ಪುಂತೊ ಸುಮಾರು 0.94 ಮಿ.ಮೀ. ಎಂದು ಡ್ರೇಕ್ ಲೆಕ್ಕ ಹಾಕಿದ್ದಾರೆ. ಇಳಿಜಾರಿನಲ್ಲಿ ಉರುಳಿ ಬಂದ ಗುಂಡು ಮೇಜಿನ ಅಂಚಿನಿಂದ ಅಡ್ಡಲಾಗಿ ಚಿಮ್ಮಿ ನೆಲಕ್ಕೆ ಬೀಳುತ್ತದೆ. 300 ಪುಂತಿ ಎತ್ತರದಿಂದ ಬಿಟ್ಟಾಗ 800 ಪುಂತಿ ದೂರ ಹೋಗಿ ಬಿತ್ತು. ಹಾಗಾದರೆ 600ರಿಂದ ಬಿಟ್ಟಾಗ 1131 ಬರಬೇಕೆಂದು ಬರೆದು, ಬಂದ 1172ನ್ನೂ 41ರ ವ್ಯತ್ಯಾಸವನ್ನೂ ಗೆಲಿಲಿಯೊ ಪಕ್ಕದಲ್ಲೇ ಗುರುತು ಹಾಕಿದ್ದಾನೆ. 800ರಿಂದ ಬರಬೇಕಿದ್ದದ್ದು 1306, ಬಂದದ್ದು 1328. 1000ದಿಂದ 1460ರ ಬದಲು 1500. ನಿರೀಕ್ಷೆ, ಅಳತೆ, ವ್ಯತ್ಯಾಸ ಮೂರೂ ಒಂದೇ ಹಾಳೆಯಲ್ಲಿರುವಾಗ ಪ್ರಯೋಗ ಕಲ್ಪನೆಯೆಂದು ವಾದಿಸುವುದು ಕಷ್ಟ. ಅಡ್ಡ ಚಲನೆಯ ವೇಗ ತಾನಾಗಿ ಕುಂದುವುದಿಲ್ಲ, ಬೀಳುವಿಕೆ ಅದರ ಪಾಡಿಗೆ ಅದು ನಡೆಯುತ್ತದೆ ಎಂಬ ಎರಡು ಮಾತನ್ನೂ ಒಪ್ಪಿಕೊಂಡರೆ ಮಾತ್ರ ಆ ನಿರೀಕ್ಷೆಯ ಅಂಕಿಗಳು ಹುಟ್ಟುತ್ತವೆ. ಜಡತ್ವದ ಕಲ್ಪನೆ ಇಲ್ಲಿ ಕಣ್ಣು ಬಿಡುತ್ತಿದೆ. ನೇರಗೆರೆಯಲ್ಲಿ ಕೊನೆಯಿಲ್ಲದೆ ಸಾಗುವ ಚಲನೆಯೆಂದು ಅದನ್ನು ಸ್ಪಷ್ಟವಾಗಿ ಹೇಳಿದವನು ಡೆಕಾರ್ಟ್ (1644). ಅದನ್ನು ಮೊದಲ ನಿಯಮವಾಗಿಸಿ, ಬಲವನ್ನು ಚಲನೆಗಲ್ಲ, ಚಲನೆಯಲ್ಲಾಗುವ ಬದಲಾವಣೆಗೆ ಕಾರಣವೆಂದು ನಿಲ್ಲಿಸಿದವನು ನ್ಯೂಟನ್ (1687). ಗೆಲಿಲಿಯೊನ ಋಣವನ್ನು ಅವನು ‘ಪ್ರಿನ್ಸಿಪಿಯಾ’ದಲ್ಲಿ ನೆನೆದಿದ್ದಾನೆ.

ಅನುಪಾತಗಳಲ್ಲಿ ಇಷ್ಟು ಗಟ್ಟಿಗನಾದ ಗೆಲಿಲಿಯೊ, ನೇರವಾಗಿ ಬೀಳುವುದರ ಬೆಲೆ ಹೇಳಹೊರಟಾಗ ಎಡವಿದ. 1632ರ ‘ಸಂವಾದ’ದಲ್ಲಿ ಕಬ್ಬಿಣದ ಗುಂಡು 100 ಬ್ರಾಚ್ಚಿಯೊ ಬೀಳಲು 5 ಸೆಕೆಂಡು ಬೇಕೆನ್ನುತ್ತಾನೆ. ಸುಮಾರು 58 ಮೀಟರಿನ ಆ ದೂರಕ್ಕೆ ಮೂರೂವರೆ ಸೆಕೆಂಡೂ ಬೇಡ. ಪ್ಯಾರಿಸ್ಸಿನ ಪಾದ್ರಿ ಮೆರ್ಸೆನ್ ತಾನೇ ಬೀಳಿಸಿ ನೋಡಿ ತಕರಾರು ತೆಗೆದ. ಬೊಲೊನ್ಯಾದಲ್ಲಿ ಜೆಸುಯಿಟ್ ಪಂಥದ ರಿಚ್ಚೊಲಿ, ಗ್ರಿಮಾಲ್ಡಿಯ ನೆರವಿನಿಂದ, ಸುಮಾರು 97 ಮೀಟರ್ ಎತ್ತರದ ಅಸಿನೆಲ್ಲಿ ಗೋಪುರದಿಂದ ಗುಂಡು ಬೀಳಿಸಿ ಲೋಲಕದ ತೂಗಾಟದಿಂದ ಕಾಲ ಅಳೆದ. ಆ ಲೋಲಕವನ್ನು ತಾಳೆ ನೋಡಲು ಪಾದ್ರಿಗಳು ಸರದಿಯಲ್ಲಿ ಕೂತು 24 ಗಂಟೆ ಎಣಿಸಿದ್ದರು. ಗೆಲಿಲಿಯೊನನ್ನು ಸುಳ್ಳು ಮಾಡುವ ಉಮೇದಿನಿಂದ ಹೊರಟ ರಿಚ್ಚೊಲಿ 1651ರ ತನ್ನ ಗ್ರಂಥದಲ್ಲಿ 1, 3, 5, 7ರ ನಿಯಮ ಸರಿಯೆಂದು ಒಪ್ಪಿಕೊಂಡ. ಸಮಗಾತ್ರದ ಗುಂಡುಗಳಲ್ಲಿ ಭಾರದ್ದು ಗಾಳಿಯಲ್ಲಿ ತುಸು ಮೊದಲೇ ನೆಲ ಮುಟ್ಟುತ್ತದೆಂಬುದನ್ನೂ ದಾಖಲಿಸಿದ. ವಾಲುಗೋಪುರದ ಕಥೆ ಹೇಳುವವರು ಈ ಗೋಪುರದ ಕಥೆಯನ್ನೂ ಹೇಳಬಹುದಿತ್ತು. ಕೊನೆಗೆ 1673ರಲ್ಲಿ ಹ್ಯೂಗೆನ್ಸ್, ಬೀಳಿಸುವ ಗೋಜಿಲ್ಲದೆ ಲೋಲಕದಿಂದಲೇ, ಮೊದಲ ಸೆಕೆಂಡಿನ ದೂರ 15 ಪ್ಯಾರಿಸ್ ಅಡಿ 1 ಅಂಗುಲವೆಂದು ತಿಳಿಸಿದ. ಇಂದಿನ 4.9 ಮೀಟರ್ ಅದೇ.

ಗೆಲಿಲಿಯೊನ ತಪ್ಪಿನ ಒಂದು ಪಾಲಿಗೆ ಹಲಗೆಯೇ ಕಾರಣವಿದ್ದೀತು. ಉರುಳುವ ಗುಂಡು ಜಾರುವ ಗುಂಡಲ್ಲ. ಇಳಿಯುವಾಗ ದೊರೆತ ಶಕ್ತಿಯಲ್ಲಿ ಒಂದು ಭಾಗವನ್ನು ಅದು ಸುತ್ತುವುದಕ್ಕೆ ಕೊಡಬೇಕು, ಆದ್ದರಿಂದ ಸಪಾಟು ಹಲಗೆಯ ಮೇಲೆ ಅದರ ವೇಗೋತ್ಕರ್ಷ ಘರ್ಷಣೆಯಿಲ್ಲದೆ ಜಾರುವ ವಸ್ತುವಿನದರ ಏಳರಲ್ಲಿ ಐದು ಪಾಲು ಮಾತ್ರ. ಅಂಚುಗಳ ಮೇಲೆ ಕೂತು ಉರುಳುವ ಕಾಲುವೆಯಲ್ಲಾದರೆ ಇನ್ನೂ ಕಡಿಮೆ. ಪ್ರತಿ ಅವಧಿಯಲ್ಲೂ ಈ ನಷ್ಟ ಅದೇ ಪಾಲಿನದಾದ್ದರಿಂದ 1, 3, 5, 7ರ ಸಾಲಿಗೆ ಅದು ಮುಟ್ಟುವುದೇ ಇಲ್ಲ. ಹಲಗೆಯ ಅಂಕಿಯನ್ನು ನೇರ ಬೀಳುವಿಕೆಗೆ ಹೊರಳಿಸಿದ ಕ್ಷಣ ಮಾತ್ರ ಲೆಕ್ಕ ತಪ್ಪುತ್ತದೆ.