ಕಾರಿಗೆ ಮಷಿನ್ ಪಾಲಿಶ್: ಎಷ್ಟು ಹನಿ ಸಾಕು?

ಮಿಶ್ರಿಕೋಟಿ: ಹೊಲದ ದಾರಿಯ ಧೂಳು ಕುಂತ ಕಾರನ್ನು ಒಣ ಬಟ್ಟೆಯಿಂದ ಒರೆಸಿದರೆ ಬಣ್ಣದ ಮೇಲೆ ಸಣ್ಣ ಗೀರುಗಳು ಬೀಳುತ್ತವೆ. ಅವನ್ನು ತೆಗೆಯೋಕೆ ಮಷಿನ್ ಪಾಲಿಶ್ ಮಾಡಿಸುತ್ತಾರೆ. ಆದರೆ ಪಾಲಿಶ್ ಸುರಿದಷ್ಟೂ ಹೊಳಪು ಬರುತ್ತೆ ಅನ್ನೋದು ತಪ್ಪು.

ಎಷ್ಟು ಬೇಕು: ಕಾರು ತೊಳೆದು, ನೆರಳಲ್ಲಿ ನಿಲ್ಲಿಸಿ ಆರಿಸಿ. ಹೊಸ ಪ್ಯಾಡಿಗೆ ಮೊದಲ ಸಲ ಪೂರ್ತಿ ತೆಳ್ಳಗೆ ಸವರಿ. ಆಮೇಲೆ ಎರಡಡಿ ಚೌಕದ ಜಾಗಕ್ಕೆ ಬಟಾಣಿ ಕಾಳಿನಷ್ಟು 3–4 ಹನಿ ಸಾಕು. ಮಷಿನ್ ಚಾಲೂ ಮಾಡುವ ಮೊದಲೇ ಪ್ಯಾಡಿನಿಂದ ಹರಡಿ.

ಜಾಸ್ತಿಯಾದರೆ: ಪ್ಯಾಡ್ ಜಾರುತ್ತದೆ, ಗೀರು ಹೋಗೋದಿಲ್ಲ, ಪಾಲಿಶ್ ಸಿಡಿದು ಗಾಜಿನ ರಬ್ಬರಿಗೆ ಮೆತ್ತುತ್ತದೆ.

ಕಡಿಮೆಯಾದರೆ: ಒಣ ಪ್ಯಾಡ್ ಉಜ್ಜಿ ಬಿಸಿ ಏರುತ್ತದೆ, ಹೊಸ ಗೀರು ಬೀಳುತ್ತವೆ.

ನೆನಪಿಡಿ: ಮೇಲಿನ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40–50 ಮೈಕ್ರಾನ್ ಮಾತ್ರ. ಅದು ಸವೆದರೆ ಮತ್ತೆ ಪೇಂಟ್ ಹೊಡೆಸೋದೇ ಗತಿ. ಪ್ರತಿ ಚೌಕ ಮುಗಿದ ಮೇಲೆ ಪ್ಯಾಡನ್ನು ಬ್ರಶ್‌ನಿಂದ ಸ್ವಚ್ಛ ಮಾಡಿ.