ಹೊರದೇಶದ ಮದುವೆಗೆ ಹೊರಟಿದ್ದೀರಾ? ಮೊದಲು ಹೆಸರು ಸರಿಮಾಡಿಕೊಳ್ಳಿ

ಹಾಸನೂರು: ಗಡಿ ದಾಟುವುದು ನಮ್ಮ ಕಡೆಯವರಿಗೆ ಹೊಸ ವಿಷಯವೇನಲ್ಲ. ಹೆಣ್ಣು ತರುವುದು ಚಾಮರಾಜನಗರದ ಕಡೆಯಿಂದ, ಜವಳಿ ತೆಗೆಯುವುದು ಸತ್ಯಮಂಗಲದಲ್ಲಿ. ಕಾರಪಳ್ಳಂ ದಾಟಿದರೆ ಕರ್ನಾಟಕ, ದಿಂಬಂ ಇಳಿದರೆ ತಮಿಳು ಬಯಲು. ಎರಡೂ ಕಡೆಯ ಮದುವೆಗೆ ಬಾಯಿಮಾತಿನ ಕರೆ ಇದ್ದರೆ ಸಾಕು, ನಿಮ್ಮ ಹೆಸರಿಗೆ ಪುರಾವೆ ಏನೆಂದು ಯಾರೂ ಕೇಳುವುದಿಲ್ಲ.

ಹೊರದೇಶದ ಮದುವೆ ಹಾಗಲ್ಲ. ಮಗನೋ ಮೊಮ್ಮಗಳೋ ಸಿಂಗಪುರದಲ್ಲೋ ದುಬೈಯಲ್ಲೋ ಕೆಲಸ ಹಿಡಿದು ಅಲ್ಲೇ ಮದುವೆ ಇಟ್ಟುಕೊಂಡರೆ, ಹೋಗುವವರು ಕಾಗದಪತ್ರದ ಲೋಕಕ್ಕೆ ಇಳಿಯಲೇಬೇಕು. ಟಿಕೆಟ್ಟು, ವೀಸಾ ಹಣ ಕೊಟ್ಟರೆ ಬಂದೀತು. ಹೆಸರು ತಪ್ಪಿದ್ದರೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಯಾರೂ ತಿದ್ದಿಕೊಡುವುದಿಲ್ಲ. ಧಾರೆಯ ಮುಹೂರ್ತವೂ ಕಾಯುವುದಿಲ್ಲ. ಹೊರಡುವವರಿಗೆ ಬೇಕಾದ ಮಾಹಿತಿ ಇಲ್ಲಿದೆ.

ಬಸವಣ್ಣ ಪಸುವಣ್ಣ ಆದಾಗ

ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬಗಳಿಗೆ ಒಂದೊಂದೇ ಅಕ್ಷರ. ಮನೆಯಲ್ಲಿ ಬಸವಣ್ಣನಾದವನು ರೇಷನ್ ಕಾರ್ಡಿನಲ್ಲಿ ಪಸುವಣ್ಣ ಆಗುತ್ತಾನೆ. ಮಾದಪ್ಪ ಮಾತಪ್ಪನಾಗುತ್ತಾನೆ, ಗೌರಮ್ಮ ಕೌರಮ್ಮ ಆಗುತ್ತಾಳೆ. ಅದನ್ನು ಇಂಗ್ಲಿಷಿಗೆ ಇಳಿಸುವಾಗ ಒಂದು ಕಾರ್ಡಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಊರಿನಲ್ಲಿ ಇದರಿಂದ ತೊಂದರೆಯಿಲ್ಲ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ದಿನ ಮಾತ್ರ ಇದು ಎರಡು ಬೇರೆ ಮನುಷ್ಯರ ಹೆಸರಾಗಿಬಿಡುತ್ತದೆ.

ಹಾಗಾಗಿ ಮೊದಲ ಕೆಲಸ: ಆಧಾರ್, ಮತದಾರರ ಚೀಟಿ, ಪ್ಯಾನ್, ಶಾಲೆಯ ಟಿಸಿ ಎಲ್ಲವನ್ನೂ ಒಂದೇ ಕಡೆ ಹರಡಿ, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ. ಹುಟ್ಟಿದ ದಿನಾಂಕವನ್ನೂ ನೋಡಿ. ವ್ಯತ್ಯಾಸವಿದ್ದರೆ ಯಾವ ಕಾಗುಣಿತ ಉಳಿಸಿಕೊಳ್ಳಬೇಕು ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಿ, ಆಮೇಲೆ ಇ-ಸೇವೈ ಕೇಂದ್ರಕ್ಕೋ ಆಧಾರ್ ಕೇಂದ್ರಕ್ಕೋ ಹೋಗಿ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಅವಸರದಲ್ಲಿ ತಿದ್ದಿಸಿ ಮತ್ತೆ ತಪ್ಪಿಸಿಕೊಳ್ಳಬೇಡಿ. ಹೆಸರೇ ಪೂರ್ತಿ ಬೇರೆಯಾಗಿದ್ದರೆ ತಮಿಳುನಾಡು ಸರ್ಕಾರದ ಗೆಜೆಟ್‌ನಲ್ಲಿ ಹೆಸರು ಬದಲಾವಣೆ ಪ್ರಕಟಿಸಬೇಕಾಗುತ್ತದೆ. ಅದಕ್ಕೆ ಸಮಯ ಹಿಡಿಯುತ್ತದೆ.

ಇನಿಷಿಯಲ್ ಸಾಲದು

ನಮ್ಮಲ್ಲಿ ಮನೆತನದ ಹೆಸರಿಲ್ಲ, ಅಪ್ಪನ ಹೆಸರಿನ ಮೊದಲಕ್ಷರವೇ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಕೆಲವರು ಅದನ್ನು ಬಿಟ್ಟು ಒಂದೇ ಹೆಸರು ಕೊಟ್ಟು, ಸರ್‌ನೇಮ್ ಜಾಗ ಖಾಲಿ ಬಿಡುತ್ತಾರೆ. ಅಲ್ಲಿದೆ ತೊಡಕು. 2022ರ ನವೆಂಬರ್‌ನಲ್ಲಿ ಯುಎಇ, ಅಂದರೆ ದುಬೈ, ಶಾರ್ಜಾ, ಅಬುಧಾಬಿ ಸೇರಿದ ದೇಶ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಪಾಸ್‌ಪೋರ್ಟಿನ ಕೊನೆಯ ಪುಟಗಳಲ್ಲಿ ಅಪ್ಪನ ಹೆಸರಿದ್ದರೆ ಒಪ್ಪಬಹುದೆಂಬ ಸಡಿಲಿಕೆ ಆಮೇಲೆ ಬಂತು. ಹೊಸದಾಗಿ ಅರ್ಜಿ ಹಾಕುವವರು ಅಪ್ಪನ ಹೆಸರನ್ನೋ ಗಂಡನ ಹೆಸರನ್ನೋ ಸರ್‌ನೇಮ್ ಜಾಗದಲ್ಲಿ ತುಂಬಿದರೆ ಈ ರಗಳೆಯೇ ಇರುವುದಿಲ್ಲ. ಟಿಕೆಟ್ ಮಾಡಿಸುವಾಗಲೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ, ಅದೇ ಜಾಗದಲ್ಲಿ ಅದೇ ಹೆಸರು.

ಪಾಸ್‌ಪೋರ್ಟ್: ಕೊಯಮತ್ತೂರೋ ಮೈಸೂರೋ

ಈರೋಡ್ ಜಿಲ್ಲೆ ಕೊಯಮತ್ತೂರು ಪಾಸ್‌ಪೋರ್ಟ್ ಕಚೇರಿಗೆ ಸೇರಿದೆ. ಆದರೆ 2018ರಿಂದ ದೇಶದ ಯಾವ ಕಚೇರಿಯನ್ನಾದರೂ ಆರಿಸಿಕೊಳ್ಳಬಹುದು. ತಮಿಳು ಓದಲು ಕಷ್ಟಪಡುವ ಹಿರಿಯರಿಗೆ ಮೈಸೂರು ಅನುಕೂಲ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ದೇಶದಲ್ಲೇ ಮೊದಲು ಆರಂಭವಾದದ್ದು 2017ರ ಜನವರಿಯಲ್ಲಿ ಮೈಸೂರಿನಲ್ಲಿ. ಎಲ್ಲಿ ಅರ್ಜಿ ಹಾಕಿದರೂ ಪೊಲೀಸ್ ವಿಚಾರಣೆ ನಡೆಯುವುದು ನೀವು ವಾಸವಿರುವ ಊರಿನ ಠಾಣೆಯಿಂದ. ಆ ದಿನಗಳಲ್ಲಿ ಮನೆಯಲ್ಲಿರಿ, ಫೋನ್ ಎತ್ತಿ.

ವಯಸ್ಕರ 36 ಪುಟದ ಪಾಸ್‌ಪೋರ್ಟಿಗೆ ಶುಲ್ಕ 1500 ರೂಪಾಯಿ, ತತ್ಕಾಲ್ ಆದರೆ ಇನ್ನೂ 2000. ಹೆಸರಿನ ದೊಡ್ಡ ಬದಲಾವಣೆ ಇದ್ದರೆ ತತ್ಕಾಲ್‌ನಲ್ಲಿ ಅರ್ಜಿ ಹಾಕುವಂತಿಲ್ಲ. ಹಳೇ ಪಾಸ್‌ಪೋರ್ಟ್ ಇರುವವರು ಅವಧಿ ನೋಡಿಕೊಳ್ಳಿ. ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಬಾಕಿ ಇರಬೇಕೆಂಬುದು ಬಹಳಷ್ಟು ದೇಶಗಳ ನಿಯಮ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದಿರುತ್ತದೆ. ಇದು ಗಲ್ಫ್ ದೇಶಗಳು, ಮಲೇಷ್ಯಾ ಮುಂತಾದ ಕಡೆ ಕೆಲಸಕ್ಕೆ ಹೋಗುವವರ ರಕ್ಷಣೆಗೆ ಇರುವ ನಿಯಮ. ಮದುವೆಗೆ ಹೋಗಿ ಬರುವವರು ಹೆದರಬೇಕಿಲ್ಲ. ವೀಸಾ, ವಾಪಸ್ ಟಿಕೆಟ್ ಕೈಯಲ್ಲಿರಲಿ. 50 ವರ್ಷ ದಾಟಿದವರಿಗೆ ಇಸಿಆರ್ ಅನ್ವಯಿಸುವುದಿಲ್ಲ. "ಮದುವೆ ನೆಪದಲ್ಲಿ ಹೋಗಿ ಅಲ್ಲೇ ಕೆಲಸ ಹಿಡಿಯಿರಿ" ಎನ್ನುವ ಏಜೆಂಟರ ಮಾತು ಮಾತ್ರ ಕೇಳಲೇಬೇಡಿ. ಭೇಟಿ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ.

ಯಾವ ದೇಶಕ್ಕೆ ಏನು?

ಮಲೇಷ್ಯಾ: ಭಾರತೀಯರಿಗೆ 30 ದಿನದ ಭೇಟಿಗೆ ವೀಸಾ ಬೇಡ. ಈ ವಿನಾಯಿತಿ 2026ರ ಡಿಸೆಂಬರ್ 31ರವರೆಗೆ. ತಲುಪುವ ಮೊದಲಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಆಗಮನ ಕಾರ್ಡ್ ತುಂಬಬೇಕು.

ಸಿಂಗಪುರ: ವೀಸಾ ಬೇಕು, ಅಧಿಕೃತ ಏಜೆಂಟರ ಮೂಲಕ ಸಿಗುತ್ತದೆ. ಇಲ್ಲೂ ಆಗಮನ ಕಾರ್ಡ್ ಉಂಟು, ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವ ವೆಬ್‌ಸೈಟ್ ಅಧಿಕೃತವಲ್ಲ ಎಂದು ತಿಳಿಯಿರಿ.

ಅಮೆರಿಕ: ಸಂದರ್ಶನ ಇರುತ್ತದೆ, ದಿನಾಂಕ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಮದುವೆ ಮಾತು ನಡೆಯುವಾಗಲೇ ಅರ್ಜಿ ಹಾಕುವುದು ಜಾಣತನ. ಜಮೀನು, ಮನೆ, ಊರಲ್ಲಿರುವ ಸಂಸಾರ ಎಲ್ಲವೂ ನೀವು ವಾಪಸ್ ಬರುತ್ತೀರಿ ಎನ್ನುವುದಕ್ಕೆ ಆಧಾರ. ಕೇಳಿದ್ದಕ್ಕಷ್ಟೇ ನಿಜ ಹೇಳಿ.

ಎಲ್ಲಿಗೆ ಹೋದರೂ ಮದುವೆ ಮನೆಯವರಿಂದ ಇಂಗ್ಲಿಷ್ ಲಗ್ನಪತ್ರಿಕೆ, ಕರೆಯೋಲೆ ಪತ್ರ, ಉಳಿದುಕೊಳ್ಳುವ ವಿಳಾಸ, ಫೋನ್ ನಂಬರ್ ತರಿಸಿಕೊಂಡು ಕಾಗದದ ಮೇಲೂ ಇಟ್ಟುಕೊಳ್ಳಿ. ಕನ್ನಡ-ತಮಿಳು ಪತ್ರಿಕೆ ನಮಗೆ ಚಂದ, ಅಲ್ಲಿನ ಅಧಿಕಾರಿಗೆ ಅರ್ಥವಾಗದು.

ಘಾಟಿಯ ಗಡಿಯಾರ

ಹಾಸನೂರಿನವರಿಗೆ ಮಾತ್ರ ಇರುವ ಒಂದು ಲೆಕ್ಕವಿದು. ಹುಲಿ ಸಂರಕ್ಷಿತ ಅರಣ್ಯದ ಪ್ರಾಣಿಗಳ ಸಲುವಾಗಿ ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರವರಿ 10ರಿಂದ ಬಣ್ಣಾರಿ-ಕಾರಪಳ್ಳಂ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಾರುಗಳಿಗೆ ರಾತ್ರಿ 9ರಿಂದ ಬೆಳಿಗ್ಗೆ 6. ನಮ್ಮ ಊರು ಈ ರಸ್ತೆಯ ನಡುವೆಯೇ ಇರುವುದರಿಂದ ಎರಡೂ ದಿಕ್ಕಿಗೆ ಇದೇ ಮಾತು. ಸ್ಥಳೀಯರ ವಿನಾಯಿತಿ ಬಾಡಿಗೆ ಕಾರಿಗೆ ಸಿಗುತ್ತದೆಯೇ ಎಂಬುದನ್ನು ಚೆಕ್‌ಪೋಸ್ಟಿನಲ್ಲಿ ಮುಂಚೆಯೇ ಕೇಳಿ.

ವಿದೇಶದ ವಿಮಾನಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಕೊಯಮತ್ತೂರಿನಿಂದ ಬೆಳಗಿನ ಜಾವ 4ಕ್ಕೆ ವಿಮಾನವಿದ್ದರೆ ಹಿಂದಿನ ಸಂಜೆಯೇ 27 ತಿರುವು ಇಳಿದು ಬಯಲು ಸೇರಿಕೊಳ್ಳಿ. ವಾಪಸ್ಸಿಗೂ ಅಷ್ಟೇ. ಸಂಜೆ 7ಕ್ಕೆ ಇಳಿದವರು 9ರೊಳಗೆ ಬಣ್ಣಾರಿ ಮುಟ್ಟುತ್ತೇವೆಂದು ಕಾರು ಓಡಿಸಬೇಡಿ. ಸತ್ಯಮಂಗಲದಲ್ಲಿ ತಂಗಿ ಬೆಳಿಗ್ಗೆ ಹತ್ತಿ. ಬೆಂಗಳೂರಿಗೆ ಹೋಗುವವರು ನಿಲ್ದಾಣ ಇರುವುದು ನಗರದ ಆಚೆ ತುದಿಯಲ್ಲಿ, ದೇವನಹಳ್ಳಿ ಹತ್ತಿರ ಎಂಬುದನ್ನು ಮರೆಯಬೇಡಿ.

ಮುಯ್ಯಿ, ಒಡವೆ, ಗಸಗಸೆ

ಮುಯ್ಯಿ ಹಾಕಲು ನೋಟಿನ ಕಟ್ಟು ಒಯ್ಯುವಂತಿಲ್ಲ. ಭಾರತದ ಹಣ ತಲೆಗೆ 25,000 ರೂಪಾಯಿವರೆಗೆ ಮಾತ್ರ. ಮಿಕ್ಕದ್ದನ್ನು ಬ್ಯಾಂಕ್ ಮೂಲಕ ಕಳಿಸಿ.

ಹೆಂಗಸರು ಮೈಮೇಲೆ ಒಡವೆ ಹಾಕಿಕೊಂಡು ಹೋಗುವುದಾದರೆ, ಹೊರಡುವ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ಪ್ರಮಾಣಪತ್ರ ಪಡೆಯಿರಿ. ಇಲ್ಲವಾದರೆ ವಾಪಸ್ ಬರುವಾಗ ನಿಮ್ಮದೇ ಒಡವೆಗೆ ಸುಂಕ ಕೇಳಬಹುದು. ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಸುಂಕವಿಲ್ಲದ ಒಡವೆ ಎಂಬ ನಿಯಮ ವರ್ಷಕ್ಕೂ ಹೆಚ್ಚು ಕಾಲ ವಿದೇಶದಲ್ಲಿ ಇದ್ದು ಬಂದವರಿಗೆ. ಹತ್ತು ದಿನದ ನೆಂಟರಿಗೆ ಅದು ಇಲ್ಲ.

ಪಾಯಸಕ್ಕೆಂದು ಗಸಗಸೆ ಕಟ್ಟಿಕೊಳ್ಳಲೇಬೇಡಿ. ಯುಎಇಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲಿನವರೆಗೂ ಹೋಗಬಹುದು. ಸಿಂಗಪುರಕ್ಕೆ ಹೊಗೆಸೊಪ್ಪು ಒಯ್ಯುವಂತಿಲ್ಲ, ಎಲೆಅಡಿಕೆ ಚಟದ ಹಿರಿಯರಿಗೆ ಮೊದಲೇ ಹೇಳಿ. ಒಣಕೊಬ್ಬರಿಯನ್ನು ಎಣ್ಣೆ ಅಂಶದ ಕಾರಣ ವಿಮಾನದಲ್ಲಿ ಬಿಡುವುದಿಲ್ಲ. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಲಿ. ಮಾತ್ರೆಗಳನ್ನು ಡಾಕ್ಟರ ಚೀಟಿಯ ಜೊತೆ ಇಡಿ. ನಡೆಯಲಾಗದ ಹಿರಿಯರಿಗೆ ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಕೇಳಿ, ಪ್ರಯಾಣ ವಿಮೆ ಮಾಡಿಸಿ.

ಯಾವಾಗ ಏನು?

ಆರು ತಿಂಗಳು ಮೊದಲು: ಹೆಸರು, ದಿನಾಂಕದ ತಿದ್ದುಪಡಿ.
ನಾಲ್ಕು ತಿಂಗಳು ಮೊದಲು: ಪಾಸ್‌ಪೋರ್ಟ್ ಕೈಗೆ ಬಂದಿರಲಿ.
ಎರಡು ತಿಂಗಳು ಮೊದಲು: ವೀಸಾ, ಟಿಕೆಟ್ (ಅಮೆರಿಕಕ್ಕೆ ಇನ್ನೂ ಮುಂಚೆ).
ಒಂದು ವಾರ ಮೊದಲು: ವಿಮೆ, ಹಣ ವಿನಿಮಯ, ಘಾಟಿ ಇಳಿಯುವ ಸಮಯ.

ಪಾಸ್‌ಪೋರ್ಟ್, ವೀಸಾ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ಅಧಿಕೃತ ತಾಣದಲ್ಲಿ ಇನ್ನೊಮ್ಮೆ ನೋಡಿ. ವೀಳ್ಯಶಾಸ್ತ್ರದ ದಿನವೇ ಮನೆಯ ಹಿರಿಯರ ಕಾಗದಪತ್ರ ತೆಗೆಸಿ ನೋಡಿದರೆ, ಮೊಮ್ಮಗಳ ಧಾರೆಯನ್ನು ಅಜ್ಜಿ ಮೊಬೈಲಿನಲ್ಲಿ ನೋಡಬೇಕಾಗಿ ಬರುವುದಿಲ್ಲ.